ತೊಳೆಯದ ಗಾಜಿನ ತೊಟ್ಟಿ

ಮೊದಲ ಸಲ ಮೀನುಗಳು ಸತ್ತಾಗ ನನಗೆ ಭಯವಾಗಲಿಲ್ಲ. ಹೊಸ ಜಾಗ, ಪ್ಲಾಸ್ಟಿಕ್ ಚೀಲದಲ್ಲಿ ಬಸ್ಸಿನ ಕುಲುಕಾಟ, ಬಿಸಿಲು ಅಂದುಕೊಂಡೆ. ಎರಡನೆಯ ಸಲ ಸತ್ತಾಗ ತೊಟ್ಟಿಯ ಮುಂದೆ ನಿಂತವಳಿಗೆ ಭಯವಾಯಿತು. ಆ ಮೀನುಗಳನ್ನು ಅಲಂಕಾರಕ್ಕೆಂದು ಇಟ್ಟಿರಲಿಲ್ಲ. ಅವು ಬದುಕಿದರೆ ನಾನು ದಿನಾ ಬೆಳಿಗ್ಗೆ ಸಹಿ ಮಾಡಿ ಹಳ್ಳಕ್ಕೆ ಬಿಡಿಸುವ ನೀರು ಒಳ್ಳೆಯದು. ಸತ್ತರೆ ನನ್ನ ಸಹಿ ಸುಳ್ಳು.

ರಾಮನಗರದಿಂದ ಕನಕಪುರದ ಕಡೆಗೆ ಹೋಗುವ ದಾರಿಯಲ್ಲಿ ರಾಗಿ ಹೊಲಗಳ ನಡುವೆ ಒಂದರ ಹಿಂದೊಂದು ತಗಡಿನ ಶೆಡ್ಡುಗಳು ಏಳುತ್ತಿದ್ದ ಕಾಲ ಅದು. ನಮ್ಮದು ಜೀನ್ಸ್ ಪ್ಯಾಂಟುಗಳನ್ನು ಒಗೆದು, ಬಣ್ಣ ಮಾಸಿಸಿ ಕಳಿಸುವ ಘಟಕ. ಒಗೆದ ನೀರನ್ನು ಶುದ್ಧ ಮಾಡಿ ಹಿಂದಿನ ಹಳ್ಳಕ್ಕೆ ಬಿಡುತ್ತಿದ್ದರು. ರಸಾಯನ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಬಂದಿದ್ದ ನನಗೆ ಪ್ರಯೋಗಶಾಲೆ ಎಂಬ ಒಂದು ಸಣ್ಣ ಕೋಣೆ, ಬೆಳಿಗ್ಗೆ ಬಂದ ಕೂಡಲೇ ಹೊರಹೋಗುವ ನೀರಿನ ಒಂದು ಬಾಟಲಿ ತೆಗೆದು ಪರೀಕ್ಷಿಸುವ ಕೆಲಸ.

ಸಂಕ್ರಾಂತಿಗೆ ಮುಂಚೆ ಕೆಳಗಿನ ಊರಿನವರು ಗೇಟಿನ ಮುಂದೆ ಬಂದು ಕೂತರು. ಹಳ್ಳದಲ್ಲಿ ಕಪ್ಪೆ ಇಲ್ಲ, ಮೀನಿಲ್ಲ ಎಂಬುದು ಅವರ ದೂರು. ನಮ್ಮ ಮ್ಯಾನೇಜರು ನನ್ನ ವರದಿಗಳನ್ನು ತಂದು ತೋರಿಸಿದರು. ಊರಿನ ಯಜಮಾನರು ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ.

"ಕಾಗ್ದ ನೀರ್ ಕುಡೀತದಾ ಸಾಮಿ? ಗೇಟ್ ತಾವ ಒಂದು ಗಾಜಿನ ತೊಟ್ಟಿ ಮಡಗಿ. ನೀವು ಹಳ್ಳಕ್ಕೆ ಬುಡೋ ನೀರ್ನೇ ತುಂಬ್ಸಿ ಮೀನ್ ಬುಡಿ. ಹೋಗೋರು ಬರೋರು ನೋಡ್ಲಿ. ವರ್ಷತೊಡಕಿನ ದಿನ ನಾವು ಬತ್ತೀವಿ. ಮೀನ್ ಬದುಕಿದ್ರೆ ನಿಮ್ ಪೈಪ್ ಇರ್ಲಿ. ಸತ್ರೆ ಕಲ್ಲ್ ಹಾಕಿ ಮುಚ್ತೀವಿ."

"ಯುಗಾದಿ ಮಾರನೇ ದಿನವೇ ಯಾಕೆ?" ಎಂದು ಮ್ಯಾನೇಜರು ಕೇಳಿದರು. ಅವರು ಈ ಸೀಮೆಯವರಲ್ಲ.

"ಅವತ್ತು ಮಾಡಿದ್ದೇ ವರ್ಷೆಲ್ಲ ಮಾಡೋದು ಅಂತಾರೆ. ಅವತ್ತು ಸುಳ್ಳು ಹೇಳೋಕೆ ಯಾರಾದ್ರೂ ಒಸಿ ಯೋಚ್ನೆ ಮಾಡ್ತಾರೆ."

ಇನ್ನೂ ಒಂದು ಷರತ್ತಿತ್ತು. ತೊಟ್ಟಿಗೆ ಹೊರಹೋಗುವ ನೀರನ್ನು ದಿನಾ ಒಂದು ಬಿಂದಿಗೆ ಸುರಿಯಬೇಕು. ಸುರಿಯುವವರು ಅವರ ಊರಿನವರೇ ಆಗಿರಬೇಕು. ಹಾಗಾಗಿ ಆ ಕೆಲಸ ನಮ್ಮಲ್ಲಿ ಸ್ವಚ್ಛತೆಗೆ ಇದ್ದ, ನಾನು ಅಕ್ಕ ಎಂದು ಕರೆಯುತ್ತಿದ್ದ ಆ ಊರಿನ ಹೆಂಗಸಿಗೆ ಬಂತು. ಊಟದ ಗಂಟೆ ಮುಗಿದ ಮೇಲೆ ಅವಳು ನೀಲಿ ಪ್ಲಾಸ್ಟಿಕ್ ಬಿಂದಿಗೆ ಹಿಡಿದು ಪೈಪಿನ ಬಾಯಿಗೆ ಹೋಗಿ ನೀರು ತಂದು ಸುರಿಯುತ್ತಿದ್ದಳು.

ಕಾರ್ಖಾನೆಯ ಹಿಂದಿನ ಗೋಡೆ ಮುಗಿಯುವಲ್ಲೇ ಅಕ್ಕನ ಹಿಪ್ಪುನೇರಳೆ ತೋಟ. ಬೇಸಿಗೆಯಲ್ಲಿ ಹಳ್ಳಕ್ಕೆ ನಮ್ಮ ನೀರು ಬಿಟ್ಟರೆ ಬೇರೆ ನೀರಿಲ್ಲ. ಅವಳ ಗಂಡ ಪೈಪಿನ ನೀರು ಬೀಳುವ ಗುಂಡಿಗೇ ಮೋಟಾರು ಇಟ್ಟು ತೋಟಕ್ಕೆ ಹಾಯಿಸುತ್ತಿದ್ದ. ಆ ಸೊಪ್ಪೇ ಅವರ ಮನೆಯ ರೇಷ್ಮೆ ಹುಳುಗಳಿಗೆ. ಕೆಲವು ದಿನಗಳಿಂದ ಎಲೆಯ ಅಂಚು ಸುಟ್ಟಂತೆ ಕಾಣುತ್ತಿದೆ ಎಂದು ಅವಳು ಎರಡು ಎಲೆ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದಳು.

"ಸೊಪ್ಪು ಕುಯ್ದಾಗ ಮೊದ್ಲು ನಾಕು ಹುಳಕ್ಕೆ ಹಾಕಿ ನೋಡ್ತೀನಿ ಮೇಡಮ್ಮ. ಒಂದಿನ ಚೆನ್ನಾಗಿದ್ರೆ ಆಮೇಲೆ ತಟ್ಟೆಗಳಿಗೆ. ಬಾಳಾ ಭಯ ಆಯ್ತದೆ. ನೀವೇ ಹೇಳಿ, ನೀರು ಒಳ್ಳೇದಾ?"

"ವರದಿ ಸರಿ ಇದೆ ಅಕ್ಕ" ಎಂದೆ. ಅವಳು ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಎಲೆಗಳನ್ನು ಅವಳು ಸೆರಗಿಗೆ ಕಟ್ಟಿಕೊಂಡು ಹೋದಳು.

ಮೀನು ಸತ್ತ ತೊಟ್ಟಿಯ ನೀರನ್ನು ಪರೀಕ್ಷಿಸಿದಾಗ ಅಮೋನಿಯಾ ಹೆಚ್ಚಿತ್ತು. ನೀರಿಗೆ ನೆಸ್ಲರ್ ದ್ರಾವಣದ ಹನಿ ಹಾಕಿದರೆ ಅಮೋನಿಯಾ ಇಲ್ಲದ ನೀರು ತಿಳಿಯಾಗಿ ಉಳಿಯುತ್ತದೆ. ಇದ್ದರೆ ಹಳದಿಯಾಗುತ್ತದೆ, ಹೆಚ್ಚಿದ್ದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ನನ್ನ ನಳಿಕೆ ಬೆಲ್ಲದ ಪಾನಕದ ಬಣ್ಣಕ್ಕೆ ಬಂದಿತ್ತು. ಮೀನಿನ ಉಸಿರು, ಹಿಕ್ಕೆ, ಉಳಿದ ಮೇವು ಎಲ್ಲದರಿಂದಲೂ ಅಮೋನಿಯಾ ಬರುತ್ತದೆ. ನೀರಿನ ಪಿಎಚ್ ಏರಿದಷ್ಟೂ ಅದೇ ಅಳತೆಯ ಅಮೋನಿಯಾ ಹೆಚ್ಚು ವಿಷ. ನಮ್ಮ ಬಂಡೆ ಸೀಮೆಯ ನೀರಿನ ಪಿಎಚ್ ಮೊದಲೇ ಹೆಚ್ಚು.

ಅಂದರೆ ತೊಟ್ಟಿ ಕೊಳಕಾಗಿದೆ, ತೊಳೆಯಬೇಕು. ನಾನು ಹಾಗೆಯೇ ಯೋಚಿಸಿದೆ. ಬೇರೆ ರೀತಿ ಯೋಚಿಸಲು ನನಗೆ ಬರುತ್ತಿರಲಿಲ್ಲ. ಸಾತನೂರಿನ ಹತ್ತಿರ ನಮ್ಮದೂ ರೇಷ್ಮೆ ಸಾಕುವ ಮನೆ. ಒಂದು ಬೆಳೆ ಎದ್ದು ಇನ್ನೊಂದು ಬೆಳೆ ಇಳಿಸುವ ಮೊದಲು ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆ, ನೆಲ, ಗೋಡೆ ಎಲ್ಲಕ್ಕೂ ಬ್ಲೀಚಿಂಗ್ ಪುಡಿ ನೀರು ಬೀಳಬೇಕು. ಹುಳುಗಳಿಗೆ ಹಾಲು ರೋಗ ಬಂದರೆ ಅಮ್ಮ ಬಾಗಿಲಿನ ಚಿಲಕವನ್ನೂ ಬಿಡದೆ ಉಜ್ಜುತ್ತಿದ್ದಳು. ಹುಳದ ಮನೆಯಲ್ಲಿ ಸಾವು ಬಂತೆಂದರೆ ಎಲ್ಲೋ ಕೊಳೆ ಉಳಿದಿದೆ ಎಂದೇ ಅರ್ಥ. ಅಕ್ಕನೂ ಅಂಥದೇ ಮನೆಯಿಂದ ಬಂದವಳು. ನಾನು ಬಾಯಿ ತೆರೆಯುವ ಮೊದಲೇ ಅವಳು ಬಕೆಟ್ಟು, ಪುಡಿ, ತೆಂಗಿನ ನಾರು ತಂದು ನಿಂತಿದ್ದಳು.

"ಮರಳೂ ತೆಗೀಬೇಕಾ?"

"ತೆಗೀರಿ."

ಇಬ್ಬರೂ ಸೇರಿ ತೊಳೆದೆವು. ಗಾಜು, ಮರಳು, ಗಾಳಿ ಬಿಡುವ ಪಂಪಿನ ಸ್ಪಂಜು, ಅದರ ಕೊಳವೆ. ಮರಳನ್ನು ಗೋಣಿಯ ಮೇಲೆ ಹರಡಿ ಬಿಸಿಲಿಗಿಟ್ಟೆವು. ಹೊಸ ನೀರು ತುಂಬಿದಾಗ ತೊಟ್ಟಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪರೀಕ್ಷೆಯಲ್ಲಿ ಅಮೋನಿಯಾ ಸೊನ್ನೆ. ಮೀನು ಬಿಟ್ಟೆವು. ಕೆಲವೇ ದಿನಗಳಲ್ಲಿ ಅವು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡತೊಡಗಿದವು. ಆಮೇಲೆ ತಳ ಹಿಡಿದವು. ಮತ್ತೆ ತೊಳೆದೆವು, ಇನ್ನೂ ಚೆನ್ನಾಗಿ. ಮತ್ತೆ ಸತ್ತವು.

ಒಂದು ಬೆಳಿಗ್ಗೆ ಬಂದಾಗ ಹಿಂದಿನ ದಿನ ಖಾಲಿ ಬಿಟ್ಟು ಹೋಗಿದ್ದ ತೊಟ್ಟಿಯಲ್ಲಿ ಮೀನುಗಳು ಓಡಾಡುತ್ತಿದ್ದವು. ಮ್ಯಾನೇಜರು ಯಾರನ್ನೋ ಕಳಿಸಿ ತರಿಸಿದ್ದರು. "ಸತ್ತದ್ದನ್ನು ತೆಗೆಯಿರಿ, ಹೊಸದನ್ನು ಹಾಕಿ. ಊರವರಿಗೆ ಮೀನು ಕಂಡರೆ ಸಾಕು. ಇದೇನು ದೊಡ್ಡ ವಿಜ್ಞಾನ ಅಲ್ಲಮ್ಮ" ಎಂದರು. ಅವರ ದನಿಯಲ್ಲಿ ಒರಟಿರಲಿಲ್ಲ. ಅದೇ ಕಷ್ಟವಾಗಿತ್ತು.

ಆದರೆ ಊರವರಿಗೆ ಕಣ್ಣಿತ್ತು. ಡೈರಿಗೆ ಹಾಲು ಹಾಕಿ ಬರುತ್ತಿದ್ದ ಯಜಮಾನರು ಸೈಕಲ್ಲು ನಿಲ್ಲಿಸಿ ತೊಟ್ಟಿಗೆ ಮೂಗು ತಾಗಿಸಿದರು.

"ಏನವ್ವ, ಮೊನ್ನೆ ಕೆಂಪು ಬಾಲ ಇತ್ತು, ಇವತ್ತು ಬಿಳೀ ಬಾಲ. ಮೀನೂ ಸಿಫ್ಟ್ ಮ್ಯಾಲೆ ಬತ್ತಾವಾ?"

ಗೇಟಿನ ಕಾವಲುಗಾರ ನಕ್ಕುಬಿಟ್ಟ. ನಾನು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡೆ. ನನ್ನ ಎದುರು ಎರಡೇ ದಾರಿಗಳು ಕಾಣುತ್ತಿದ್ದವು. ನೀರು ವಿಷ ಎಂದು ಹೇಳುವುದು, ಅದಕ್ಕೆ ನನ್ನ ಬಳಿ ಆಧಾರವಿಲ್ಲ. ನೀರು ಒಳ್ಳೆಯದು ಎಂದು ಹೇಳುವುದು, ಅದಕ್ಕೂ ಇಲ್ಲ. ಕೆಳಗೆ ಅಕ್ಕನ ಮನೆಯಲ್ಲಿ ಹುಳುಗಳು ಪೊರೆ ಬಿಡುವ ಎರಡನೇ ಜ್ವರಕ್ಕೆ ಕೂತಿದ್ದವು.

ಆ ವಾರವೆಲ್ಲ ನನ್ನ ಅಳತೆಗಳನ್ನೇ ತಿರುಗಿಸಿ ನೋಡಿದೆ. ಪ್ರತಿ ಸಲವೂ ಅಮೋನಿಯಾ ಏರಿತ್ತು. ನೈಟ್ರೈಟ್ ಪ್ರತಿ ಸಲವೂ ಸೊನ್ನೆ. ನೈಟ್ರೈಟ್ ಪರೀಕ್ಷೆಯಲ್ಲಿ ನೀರು ಗುಲಾಬಿಯಾಗಬೇಕು. ನನ್ನ ನಳಿಕೆ ಒಮ್ಮೆಯೂ ಗುಲಾಬಿಯಾಗಿರಲಿಲ್ಲ. ನೈಟ್ರೈಟ್ ಮೀನಿಗೆ ವಿಷ, ಹಾಗಾಗಿ ಸೊನ್ನೆ ಕಂಡಾಗಲೆಲ್ಲ ಸಮಾಧಾನಪಟ್ಟಿದ್ದೆ. ಆ ಸಮಾಧಾನವೇ ತಪ್ಪು ಎಂದು ಹೊಳೆದದ್ದು ರಾಮನಗರದ ಬಸ್ಸಿನಲ್ಲಿ, ಕಂಬಿ ಹಿಡಿದು ನಿಂತಿದ್ದಾಗ. ಮಣ್ಣಿನ ಪಾಠದಲ್ಲಿ ಓದಿದ್ದೆ: ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟಾಗಿ ಕೆಡುಕು ಮಾಡುವುದಿಲ್ಲ. ಈ ಜೀವಿಗಳು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಮರಳಿಗೆ, ಸ್ಪಂಜಿಗೆ ಅಂಟಿ ಲೋಳೆಯಾಗಿ ಬೆಳೆಯುತ್ತವೆ. ಬೆಳೆಯಲು ವಾರಗಳು ಬೇಕು. ನೈಟ್ರೈಟ್ ಸೊನ್ನೆ ಎಂದರೆ ತೊಟ್ಟಿ ಶುಚಿಯಾಗಿದೆ ಎಂದಲ್ಲ. ಅದರಲ್ಲಿ ಏನೂ ಹುಟ್ಟಿಲ್ಲ ಎಂದು. ನಾವು ಹುಟ್ಟಲು ಬಿಟ್ಟಿರಲಿಲ್ಲ. ಪ್ರತಿ ಸಲವೂ ಬ್ಲೀಚಿಂಗ್ ಪುಡಿಯಿಂದ ಬೇರು ಸಮೇತ ಉಜ್ಜಿ ತೆಗೆದಿದ್ದೆವು.

ಅವತ್ತು ಬಸ್ಸಿನಲ್ಲಿ ನನಗೆ ಅಳು ಬಂತು. ನೀರು ತಪ್ಪಿಲ್ಲದಿರಬಹುದು ಎಂಬ ಆಸೆಯೂ ಅದರಲ್ಲಿತ್ತು.

ಶಿವರಾತ್ರಿ ಆಗಷ್ಟೇ ಮುಗಿದಿತ್ತು. ಯುಗಾದಿಗೆ ಒಂದು ತಿಂಗಳು. ಗೇಟಿನ ತೊಟ್ಟಿಯಿಂದ ಉಳಿದ ಮೀನುಗಳನ್ನು ತೆಗೆಸಿದೆ. ಮೀನಿಲ್ಲದೆಯೇ ತೊಟ್ಟಿಯನ್ನು ಪಕ್ವ ಮಾಡಬೇಕು, ಆಮೇಲಷ್ಟೇ ಮೀನು. ಮೀನಿನ ಬದಲು ಅಮೋನಿಯಾ ಕೊಡಲು ಕೊಳೆಯುವ ವಸ್ತು ಬೇಕಿತ್ತು. ನಮ್ಮೂರುಗಳಲ್ಲಿ ಅದಕ್ಕೆ ಬರವಿಲ್ಲ. ಗೂಡಿನಿಂದ ನೂಲು ಬಿಚ್ಚಿದ ಮೇಲೆ ಒಳಗೆ ಉಳಿಯುವ ಸತ್ತ ಹುಳುಗಳನ್ನು ಒಣಗಿಸಿ ಕೋಳಿ ಮೇವಿಗೆ ಕೊಡುತ್ತಾರೆ. ಒಂದು ಹಿಡಿ ತಂದು, ಬಟ್ಟೆಯ ಸಣ್ಣ ಗಂಟು ಕಟ್ಟಿ ನೀರಿಗೆ ಇಳಿಬಿಟ್ಟೆ.

ಜೀವಿಗಳ ಬೀಜಕ್ಕಾಗಿ ರಾಮನಗರದ ಬಣ್ಣದ ಮೀನಿನ ಅಂಗಡಿಗೆ ಹೋದೆ. ಅವನ ಹಳೆಯ ತೊಟ್ಟಿಯ ಸ್ಪಂಜು ಕೇಳಿದೆ, ತೊಳೆಯದೆ ಕೊಡಿ ಎಂದೆ.

"ಇಷ್ಟ್ ದಿನ ಮೀನ್ ತಗೊಂಡು ಹೋದ್ರಿ. ಈಗ ಕೊಳೇನಾ?" ಅಂಗಡಿಯವನು ಹೆಂಡತಿಯನ್ನು ಕೂಗಿದ. "ನೋಡ್ಬಾರೇ ಇಲ್ಲಿ, ಮೇಡಮ್ನೋರು ನಮ್ಮನೆ ಕೊಳೇಗೆ ಗಿರಾಕಿ!"

ಊಟದ ಡಬ್ಬಿಯಲ್ಲಿ ಅದನ್ನು ಇಟ್ಟುಕೊಂಡು ಬಸ್ಸು ಹತ್ತಿದೆ. ಕಪ್ಪು ಲೋಳೆ, ಕೆರೆಯ ಕೆಸರಿನ ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಒಂದು ತೊಟ್ಟಿಯಿಂದ ಏನೂ ತಿಳಿಯುವುದಿಲ್ಲ ಎಂದು ಕೋಣೆಯಲ್ಲಿ ಇನ್ನೊಂದು ಇಟ್ಟೆ. ಅದಕ್ಕೆ ಕಾರ್ಖಾನೆಯ ಕೊಳವೆಬಾವಿಯ ನೀರು. ಅದೇ ಮರಳು, ಅದೇ ಹುಳುಗಂಟು, ಎರಡಾಗಿ ಕತ್ತರಿಸಿದ ಅದೇ ಸ್ಪಂಜು. ವ್ಯತ್ಯಾಸ ನೀರಿನದು ಮಾತ್ರ. ಷರತ್ತಿನಂತೆ ಗೇಟಿನದಕ್ಕೆ ದಿನಾ ಪೈಪಿನ ನೀರು ಒಂದು ಬಿಂದಿಗೆ, ಕೋಣೆಯದಕ್ಕೆ ಅಷ್ಟೇ ಬಾವಿ ನೀರು.

ತೊಳೆಯಬೇಡ ಎಂದು ಅಕ್ಕನಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಗೇಟಿನ ತೊಟ್ಟಿಯ ಮೇಲೆ ಎಣ್ಣೆಯ ಪದರ ಕಟ್ಟಿತ್ತು, ಗಾಜು ಮಬ್ಬಾಗಿತ್ತು, ನಾರುತ್ತಿತ್ತು.

"ಥೂ, ನೋಡೋಕಾಗಲ್ಲ ಮೇಡಮ್ಮ. ಒಸಿ ಗಾಜಾದ್ರೂ ಒರಸ್ತೀನಿ."

"ಬ್ಯಾಡ ಕಣಕ್ಕ." ಅವಳ ಜೊತೆ ಮಾತಾಡುವಾಗ ನನಗೆ ಊರಿನ ಮಾತು ಬರುತ್ತಿತ್ತು. "ಇದ್ರಾಗೆ ಕಣ್ಣಿಗೆ ಕಾಣ್ದಿರೋ ಹುಳ ಸಾಕ್ತಾ ಇವ್ನಿ. ತೊಳುದ್ರೆ ಸಾಯ್ತವೆ."

ಅವಳು ನನ್ನ ಮುಖ ನೋಡಿದಳು. "ಕೊಳೇಲಿ ಬದುಕೋ ಹುಳಾನಾ? ಇನ್ನೇನೇನ್ ಸಾಕ್ಬೇಕೋ ಓದಿದೋರು." ಆದರೆ ಹುಳ ಎಂದ ಮೇಲೆ ಅವಳಿಗೆ ಎಚ್ಚರ ಬಂದಿತ್ತು. ಬ್ಲೀಚಿಂಗ್ ಪುಡಿ ಮುಟ್ಟಿದ ಕೈ ಆ ಬಿಂದಿಗೆ ಮುಟ್ಟಬಾರದು ಎಂದು ನಾನು ಕೇಳಿಕೊಂಡೆ. ಶೌಚಾಲಯ ತೊಳೆಯುವುದನ್ನು ಬೇರೆಯವಳಿಗೆ ಬಿಟ್ಟುಕೊಟ್ಟು ಅವಳು ಅಂಗಳ ಗುಡಿಸುವುದಕ್ಕೆ ಬದಲಾಯಿಸಿಕೊಂಡಳು.

ಬೆಳಿಗ್ಗೆ ಬಂದ ಕೂಡಲೇ ಎರಡೂ ತೊಟ್ಟಿಗಳ ನೀರನ್ನು ನಳಿಕೆಗೆ ತೆಗೆದು, ಕಿಟಕಿಯ ಬೆಳಕಿನಲ್ಲಿ ಬಿಳಿ ಕಾಗದದ ಮುಂದೆ ಹಿಡಿದು ನೋಡುತ್ತಿದ್ದೆ. ಎರಡರಲ್ಲೂ ಅಮೋನಿಯಾ ಏರಿತು. ಎರಡನೇ ವಾರದಲ್ಲಿ ಕೋಣೆಯ ತೊಟ್ಟಿಯ ನೈಟ್ರೈಟ್ ನಳಿಕೆ ಅನುಮಾನದಷ್ಟು ಗುಲಾಬಿಯಾಯಿತು. ಮರುದಿನ ಅನುಮಾನವಿರಲಿಲ್ಲ. ಆಮೇಲೆ ಬೀಟ್‌ರೂಟ್ ರಸದ ಹಾಗೆ ಕೆಂಪೇರಿತು, ಅಮೋನಿಯಾ ಇಳಿಯತೊಡಗಿತು.

ಗೇಟಿನ ತೊಟ್ಟಿಯಲ್ಲಿ ಅಮೋನಿಯಾ ಏರುತ್ತಲೇ ಇತ್ತು. ಗುಲಾಬಿ ಬರಲಿಲ್ಲ.

ನನ್ನ ಕೈತಪ್ಪೇ ಇರಬೇಕು ಎಂದು ನಂಬಲು ಬಹಳ ಪ್ರಯತ್ನಪಟ್ಟೆ. ಗೇಟಿನ ಬಳಿ ಬಿಸಿಲು ಹೆಚ್ಚು ಎಂದು ಗೋಣಿ ಕಟ್ಟಿದೆ. ಗಾಳಿಯ ಪಂಪು ಬದಲಿಸಿದೆ. ದ್ರಾವಣಗಳನ್ನು ಹೊಸದಾಗಿ ಮಾಡಿದೆ. ಗುಲಾಬಿ ಬರಲಿಲ್ಲ. ಕೊನೆಗೆ ಕೋಣೆಯ ತೊಟ್ಟಿಯಲ್ಲಿ ನೈಟ್ರೈಟೂ ಇಳಿದು ನೈಟ್ರೇಟ್ ತೋರತೊಡಗಿದ ಮೇಲೆ ಮಾಡಬಾರದ್ದೊಂದು ಮಾಡಿದೆ. ಚೆನ್ನಾಗಿ ಬೆಳೆದಿದ್ದ ಅದರ ಸ್ಪಂಜನ್ನು ತೆಗೆದು ಗೇಟಿನ ತೊಟ್ಟಿಗೆ ಹಾಕಿದೆ. ನನ್ನ ಬಳಿ ಇದ್ದ ಜೀವಂತವಾದದ್ದು ಅದೊಂದೇ. ಮರುದಿನ ಬೆಳಿಗ್ಗೆ ನೋಡಿದರೆ ಗೇಟಿನ ಅಮೋನಿಯಾ ಒಂದಿಷ್ಟೂ ಇಳಿದಿರಲಿಲ್ಲ. ಸ್ಪಂಜನ್ನು ತಂದು ಬಾವಿ ನೀರಿನ ಬಕೆಟ್ಟಿನಲ್ಲಿ ಸ್ವಲ್ಪ ಅಮೋನಿಯಾದ ಜೊತೆ ಇಟ್ಟೆ. ಅಲ್ಲೂ ಅದು ಏನೂ ಮಾಡಲಿಲ್ಲ. ಒಂದೇ ದಿನದಲ್ಲಿ ಸತ್ತಿತ್ತು.

ಯುಗಾದಿ ಹತ್ತಿರ ಬಂದಿತ್ತು. ಆ ದಿನ ಊಟವಾದ ಮೇಲೆ ಅಕ್ಕ ಬಿಂದಿಗೆ ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ.

"ನಿಮ್ಮಾಣೆ ಮೇಡಮ್ಮ, ನಾನು ಮುಟ್ಟಿಲ್ಲ."

"ಏನನ್ನ?"

"ಬ್ಲೀಚಿಂಗ್ ಪುಡಿ. ಕೈ ಸೀಗೇಕಾಯಿ ಹಾಕಿ ತೊಳ್ದಿವ್ನಿ. ಬಿಂದಿಗೇನೂ ಮನೇಲೇ ಉಜ್ಜಿ ತಂದಿವ್ನಿ. ಆದ್ರೂ ಬಿಂದಿಗೆಲಿ ಅದೇ ವಾಸ್ನೆ ಬತ್ತೈತೆ. ಆಮೇಲೆ ನಾನೇ ಹಾಕ್ದೆ ಅನ್ಬ್ಯಾಡಿ."

ನಾನು ಬಿಂದಿಗೆಗೆ ಮುಖ ಬಗ್ಗಿಸಿದೆ. ಹುಳದ ಮನೆಯ ವಾಸನೆ. ಹೊಸ ಬೆಳೆ ಇಳಿಸುವ ಹಿಂದಿನ ದಿನದ, ಒದ್ದೆ ನೆಲದ, ಅಮ್ಮನ ಸೀರೆಯ ವಾಸನೆ. ನಮ್ಮಿಬ್ಬರ ಮೂಗಿಗೆ ಅದು ಶುಚಿಯ ವಾಸನೆ. ಅದು ಇದ್ದರೆ ಎಲ್ಲ ಸರಿಯಿದೆ ಎಂದು ಅರ್ಥ. ಇಷ್ಟು ದಿನ ಅದು ಆ ನೀರಿನಿಂದ ಬರುತ್ತಿದ್ದರೂ ನಾವು ನಮ್ಮ ಕೈಯದೇ ಅಂದುಕೊಂಡಿದ್ದೆವು.

ಆರ್ಥೊಟಾಲಿಡಿನ್ ಎಂಬ ದ್ರಾವಣ ಕಪಾಟಿನಲ್ಲಿತ್ತು. ನೀರಿನಲ್ಲಿ ಕ್ಲೋರಿನ್ ಇದ್ದರೆ ಹಳದಿ ಮಾಡುತ್ತದೆ. ಬೆಳಿಗ್ಗೆ ತೆಗೆದಿಟ್ಟಿದ್ದ ಬಾಟಲಿಯ ನೀರಿಗೆ ಹನಿ ಹಾಕಿದೆ. ತಿಳಿಯಾಗಿಯೇ ಉಳಿಯಿತು. ಬಿಂದಿಗೆಯ ನೀರಿಗೆ ಹಾಕಿದೆ. ನಳಿಕೆ ಅಲುಗಾಡಿಸುವ ಮೊದಲೇ ಅರಿಶಿನವಾಗಿ, ಕಿತ್ತಳೆಗೆ ತಿರುಗಿತು.

ಅಕ್ಕ ಬಾಗಿಲಿನಿಂದಲೇ ನೋಡಿದಳು. "ಅದೇನು ಹಂಗಾಯ್ತು?"

"ನೀರಲ್ಲಿ ಐತೆ ಕಣಕ್ಕ. ಪೈಪಿನ ನೀರಲ್ಲೇ ಐತೆ."

ಅವಳು ಬಿಂದಿಗೆಯನ್ನು ನೆಲಕ್ಕಿಟ್ಟಳು. "ಹಂಗಾರೆ ನನ್ ಸೊಪ್ಪು?"

ನನಗೆ ಗೊತ್ತಿರಲಿಲ್ಲ. ಅವತ್ತು ಅದನ್ನಾದರೂ ನೇರವಾಗಿ ಹೇಳಿದೆ.

ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಜೀನ್ಸಿನ ಬಣ್ಣ ಮಾಸಿಸುವುದೇ ಬ್ಲೀಚಿನಿಂದ. ಬೆಳಿಗ್ಗೆ ಪ್ಯಾಂಟುಗಳ ಗಂಜಿ ತೆಗೆಯುವ ಕೆಲಸ, ಬ್ಲೀಚಿನ ತೊಳೆತ ಮಧ್ಯಾಹ್ನ. ಕ್ಲೋರಿನ್ ಮುರಿಯುವ ಮದ್ದನ್ನು ಹನಿಸುವ ಪಂಪು ಇತ್ತು, ಆದರೆ ಅದರ ಅಳತೆಯನ್ನು ಘಟಕ ಶುರುವಾದಾಗ ಇಟ್ಟಿದ್ದರು. ಆಮೇಲೆ ಆರ್ಡರುಗಳು ಬೆಳೆದವು, ಯಂತ್ರಗಳು ಹೆಚ್ಚಿದವು. ಪಂಪನ್ನು ಯಾರೂ ಮುಟ್ಟಿರಲಿಲ್ಲ. ನಾನು ಬಾಟಲಿ ತುಂಬಿಸುತ್ತಿದ್ದದ್ದು ಬೆಳಿಗ್ಗೆ. ತೊಟ್ಟಿಯನ್ನು ಪರೀಕ್ಷಿಸುತ್ತಿದ್ದದ್ದೂ ಬೆಳಿಗ್ಗೆ, ಅಷ್ಟರಲ್ಲಿ ಗಾಳಿಯ ಗುಳ್ಳೆಗಳು ಕ್ಲೋರಿನ್ ಹಾರಿಸಿಬಿಟ್ಟಿರುತ್ತಿದ್ದವು. ಒಂದು ತಪ್ಪನ್ನು ತಿದ್ದಿ ಹಗುರಾದೆ ಅಂದುಕೊಂಡರೆ ಅದರ ಕೆಳಗೆ ಇನ್ನೊಂದು ಮಲಗಿತ್ತು.

ನಳಿಕೆ ಹಿಡಿದು ಮ್ಯಾನೇಜರ ಕೋಣೆಗೆ ಹೋದೆ. ಅವರ ಮೇಜಿನ ಪಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಆಗಲೇ ಹೊಸ ಮೀನುಗಳಿದ್ದವು, ವರ್ಷತೊಡಕಿಗೆಂದು ತರಿಸಿದ್ದವು.

"ಬೆಳಗಿನ ಸ್ಯಾಂಪಲ್ ಸರಿ ಇದೆಯಲ್ಲ?" ಎಂದರು.

"ಇದೆ ಸಾರ್."

"ಮತ್ತೆ ಅದನ್ನೇ ಬರೆಯಿರಿ. ಹಬ್ಬ ಮುಗಿಯಲಿ, ಪಂಪು ಸರಿ ಮಾಡಿಸೋಣ. ಈಗ ನಿಲ್ಲಿಸಿದರೆ ಈ ವಾರದ ಸರಕು ಹೋಗಲ್ಲ."

"ಹಳ್ಳಕ್ಕೆ ಬೆಳಗಿನ ನೀರು ಮಾತ್ರ ಹೋಗಲ್ಲ ಸಾರ್."

"ಹಾಗಾದರೆ ನೀವೇನು ಮಾಡ್ತೀರಿ?"

ಅವರು ನಿಜವಾಗಿ ತಿಳಿಯಲು ಕೇಳಿದರು, ಬೆದರಿಸಲಲ್ಲ. ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ, ಮನೆಯಲ್ಲೂ ಇಲ್ಲ. ಹೊರಗೆ ಬಂದು, ಅಂಗಳ ದಾಟಿ, ಪೈಪಿನ ಕವಾಟದ ಬಳಿ ಹೋದೆ. ಅಲ್ಲಿದ್ದ ಆಪರೇಟರು, "ಸಾಹೇಬ್ರು ಹೇಳುದ್ರಾ ಮೇಡಂ?" ಎಂದ. ಇಲ್ಲ ಎಂದೆ. ಅವನು ಕೈ ಕಟ್ಟಿ ನಿಂತ. ಚಕ್ರ ಬಿಗಿಯಾಗಿತ್ತು. ದುಪ್ಪಟ್ಟಾ ಸುತ್ತಿ ಹಿಡಿದು, ಎರಡೂ ಕೈ ಹಾಕಿ ತಿರುಗಿಸಿದೆ. ಹಳ್ಳದ ಕಡೆ ಬೀಳುತ್ತಿದ್ದ ನೀರಿನ ಸದ್ದು ಸಣ್ಣದಾಗಿ, ನಿಂತಿತು. ಸಂಜೆಯ ಹೊತ್ತಿಗೆ ಒಳಗಿನ ತೊಟ್ಟಿ ತುಂಬಿ ಬಂತು, ತೊಳೆಯುವ ವಿಭಾಗ ನಿಲ್ಲಿಸಬೇಕಾಯಿತು. ಯಂತ್ರಗಳು ಸುಮ್ಮನಾದಾಗ ಒಳಗಿನಿಂದ ಎಲ್ಲರೂ ಹೊರಗೆ ಬಂದು ನನ್ನನ್ನು ನೋಡಿದರು.

ಮ್ಯಾನೇಜರು ಕವಾಟದವರೆಗೆ ನಡೆದು ಬಂದರು. ಚಕ್ರದ ಮೇಲೆ ಕೈ ಇಟ್ಟರು. ತಿರುಗಿಸದೆ ಕೈ ತೆಗೆದರು. "ನಾಳೆ ನಿಮ್ಮ ಕೆಲಸದ ಬಗ್ಗೆ ನನ್ನನ್ನು ಕೇಳಬೇಡಿ. ನನಗೇ ಗೊತ್ತಿಲ್ಲ" ಎಂದು ಹೋದರು.

ವರ್ಷತೊಡಕಿನ ಬೆಳಿಗ್ಗೆ ಊರವರು ಬಂದರು. ಎಣ್ಣೆ ಸ್ನಾನದ ತಲೆ, ಹೊಸ ಪಂಚೆ. ತೊಟ್ಟಿಯಲ್ಲಿ ಮಬ್ಬು ನೀರು, ಮರಳು, ಹುಳದ ಗಂಟು ಬಿಟ್ಟರೆ ಏನೂ ಇರಲಿಲ್ಲ. ತರಿಸಿದ್ದ ಮೀನುಗಳನ್ನು ನಾನು ಕೋಣೆಯ ತೊಟ್ಟಿಗೆ ಬಿಟ್ಟಿದ್ದೆ. ಸ್ಪಂಜು ಹೋಗಿದ್ದರೂ ಮರಳಿನಲ್ಲಿ ಉಳಿದ ಜೀವ ಅವನ್ನು ಕಾಪಾಡಿತ್ತು.

"ಮೀನೆಲ್ಲವ್ವ?" ಯಜಮಾನರು ಕೇಳಿದರು.

"ಇಲ್ಲ. ಹಾಕಿದ್ರೆ ಸಾಯ್ತಿದ್ವು."

ಮ್ಯಾನೇಜರು ನೆಲ ನೋಡುತ್ತಿದ್ದರು. ನಾನು ಎರಡು ನಳಿಕೆಗಳನ್ನು ತೋರಿಸಿ, ಬೆಳಗಿನ ನೀರು ಯಾವುದು, ಮಧ್ಯಾಹ್ನದ ನೀರು ಯಾವುದು, ಕವಾಟ ಯಾವಾಗಿನಿಂದ ಮುಚ್ಚಿದೆ ಎಂದು ಹೇಳಿದೆ. ನನ್ನ ದನಿ ಚಿಕ್ಕದು. ಹಿಂದಿನವರು "ಏನಂತೆ, ಏನಂತೆ" ಎನ್ನುತ್ತಿದ್ದರು.

ಯಜಮಾನರು ಹಳದಿ ನಳಿಕೆಯನ್ನು ಕೈಗೆ ತೆಗೆದುಕೊಂಡರು. "ಇಷ್ಟ್ ದಿನ ನಮ್ ದನ ಇದ್ನೇ ಕುಡುದ್ವಾ?"

"ಹೌದು."

"ಹ್ಞೂ." ಅವರು ಹಿಂತಿರುಗಿದರು. "ಕಲ್ ಹಾಕ್ರಲಾ."

ಕವಾಟ ಮುಚ್ಚಿದ್ದರೂ ಪೈಪಿನ ಬಾಯಿಗೆ ಕಲ್ಲು ಒಟ್ಟಿದರು. ಯಾರೂ ತಡೆಯಲಿಲ್ಲ. ಹೋಗುವಾಗ ಯಜಮಾನರು ನನ್ನ ಮುಂದೆ ನಿಂತರು. "ತೊಡಕಿನ ದಿನ ನಿಜ ಹೇಳ್ಬುಟ್ಟೆ. ಇನ್ನು ವರ್ಷೆಲ್ಲ ಇದೇ ಪಾಡು ನಿಂಗೆ" ಎಂದರು. ಅದು ತಮಾಷೆಯೋ ಎಚ್ಚರಿಕೆಯೋ ತಿಳಿಯಲಿಲ್ಲ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಪಂಪು ಬದಲಾಯಿತು, ನೀರನ್ನು ಒಂದಿಡೀ ದಿನ ಹಿಡಿದಿಟ್ಟು ಗಾಳಿ ಹಾಯಿಸಲು ಇನ್ನೊಂದು ತೊಟ್ಟಿ ಕಟ್ಟಿದರು. ಕಟ್ಟುವವರೆಗೂ ತೊಳೆತ ಅರ್ಧಕ್ಕಿಳಿಯಿತು. ಅದಕ್ಕೆ ಕಾರಣ ನಾನು ಎಂದು ಕ್ಯಾಂಟೀನಿನಲ್ಲಿ ನನ್ನ ಮೇಜಿಗೆ ಯಾರೂ ಬಂದು ಕೂರುತ್ತಿರಲಿಲ್ಲ. ನಾನು ದಿನಕ್ಕೆ ಮೂರು ಹೊತ್ತು ಬಾಟಲಿ ತುಂಬಿಸತೊಡಗಿದೆ. ಪೈಪಿಗೆ ಕಲ್ಲು ಇದ್ದಷ್ಟು ದಿನ ಶುದ್ಧ ಮಾಡಿದ ನೀರು ಒಳಗಿನ ತೊಳೆತಕ್ಕೇ ತಿರುಗಿ ಹೋಗುತ್ತಿತ್ತು, ಅದರಿಂದಲೇ ಗೇಟಿನ ತೊಟ್ಟಿಗೆ ದಿನಾ ಒಂದು ಬಿಂದಿಗೆ. ಅಂಗಡಿಯಿಂದ ಇನ್ನೊಂದು ಡಬ್ಬಿ ಕೊಳೆ ತಂದೆ. ಬಿಸಿಲಿಗೆ ಬೇಗ ಬೆಳೆಯಿತೋ ಏನೋ, ಒಂದು ಬೆಳಿಗ್ಗೆ ಗೇಟಿನ ತೊಟ್ಟಿಯ ನಳಿಕೆ ಮೊದಲ ಸಲ ಗುಲಾಬಿಯಾಯಿತು. ಅದು ವಿಷದ ಬಣ್ಣ. ನಾನು ಅದನ್ನು ಕಿಟಕಿಯಲ್ಲಿ ನಿಲ್ಲಿಸಿ, ಬಿಸಿಲು ಸರಿಯುವವರೆಗೆ ನೋಡಿದೆ. ಬಸವ ಜಯಂತಿಯ ಹೊತ್ತಿಗೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಇದೆ. ಮೊದಲಿನ ಸೊನ್ನೆಗೂ ಈ ಸೊನ್ನೆಗೂ ನಳಿಕೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಮೀನು ಬಿಟ್ಟೆವು. ಅವು ಬದುಕಿದವು. ಊರವರು ಬಂದು ನೋಡಿ, ಮತ್ತೊಮ್ಮೆ ಬಂದು ನೋಡಿ, ಕಲ್ಲು ತೆಗೆದರು.

ಅಕ್ಕ ಆ ಬೇಸಿಗೆಯ ಬೆಳೆಯನ್ನು ಕೈಬಿಟ್ಟಿದ್ದಳು. ಮುಂಗಾರಿಗೆ ಮೊದಲು ಹೊಸದಾಗಿ ಮರಿ ಹುಳು ತಂದಳು. ಕೆಲವು ದಿನ ಕಳೆದ ಮೇಲೆ, ಊಟದ ಗಂಟೆ ಮುಗಿದು ಬಿಂದಿಗೆ ಸುರಿಯುವಾಗ, ಹಬ್ಬದ ಸುದ್ದಿ ಹೇಳುವ ಹಾಗೆ ಹೇಳಿದಳು:

"ಸೊಪ್ಪು ಚೆನ್ನಾಗಿ ಬಂದೈತೆ ಕಣವ್ವ. ಈ ಸಲ ನಾಕು ಹುಳ ಬೇರೆ ಇಡ್ಲಿಲ್ಲ. ಕುಯ್ದು ನೇರ ತಟ್ಟೆಗೇ ಹಾಕ್ಬುಟ್ಟೆ. ನೀನ್ ನೋಡ್ತೀಯಲ್ಲ."

ಮೇಡಮ್ಮ ಎನ್ನುವುದನ್ನು ಅವಳು ಯಾವಾಗ ಬಿಟ್ಟಳೋ ನನಗೆ ನೆನಪಿಲ್ಲ. ಅವಳು ಖಾಲಿ ಬಿಂದಿಗೆ ಬೋರಲು ಹಾಕಿ, ಪೊರಕೆ ಹಿಡಿದು ಅಂಗಳಕ್ಕೆ ಹೋದಳು. ನಾನು ಆಗಷ್ಟೇ ಮಧ್ಯಾಹ್ನದ ಬಾಟಲಿ ಪರೀಕ್ಷಿಸಿ ಬರೆದಿಟ್ಟಿದ್ದೆ, ಸರಿಯಾಗಿತ್ತು. ಆದರೂ ಇನ್ನೊಂದು ಬಾಟಲಿ ತೆಗೆದುಕೊಂಡು ಪೈಪಿನ ಕಡೆಗೆ ನಡೆದೆ. ತುಂಬಿಸಿ ತಂದು, ಹನಿ ಹಾಕಿ, ಬಿಳಿ ಕಾಗದದ ಮುಂದೆ ನಳಿಕೆ ಹಿಡಿದು, ಹಳದಿ ಬಾರದಿರಲಿ ಎಂದು ಕಾಯುತ್ತ ನಿಂತೆ.